ಒಂದು ಯಂತ್ರಕ್ಕೆ ಹಲವು ಒಡೆಯರು

ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಯಂತ್ರಗಳು ಹತ್ತು. ಒಂದು ತರಗತಿಯ ಮಕ್ಕಳು ನಲವತ್ತು. ಎಲ್ಲರೂ ಒಳಹೊಗುತ್ತಿದ್ದುದು 'ವಿದ್ಯಾರ್ಥಿ' ಎಂಬ ಒಂದೇ ಹೆಸರಿನಿಂದ. ಕಳೆದ ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೂರು ದಿನ ಕುಳಿತು ಬರೆದ ಬರಹವನ್ನು 'ಪ್ರಬಂಧ' ಎಂಬ ಹೆಸರಿನಲ್ಲಿ ಉಳಿಸಿದಳು. ಮರುದಿನ ಬೇರೆ ತರಗತಿಯ ಹುಡುಗನೊಬ್ಬನು ತನ್ನ ಬರಹಕ್ಕೂ ಅದೇ ಹೆಸರಿಟ್ಟನು. ಹಳೆಯದರ ಮೇಲೆ ಬರೆಯಲೇ ಎಂದು ಯಂತ್ರ ಕೇಳಿತು; ಹುಡುಗ 'ಹೌದು' ಎಂದು ಒತ್ತಿದ. ಮೂರು ದಿನಗಳ ದುಡಿಮೆ ಅಳಿದುಹೋಯಿತು. "ಸಾರ್, ಇದರಲ್ಲಿ ತಪ್ಪು ಯಾರದು?" ಎಂದು ಅವಳು ಕಣ್ಣೀರಿಡುತ್ತ ಕೇಳಿದಾಗ, ಹಳಗನ್ನಡ ಪಾಠ ಹೇಳುವ ನನಗೆ ಉತ್ತರ ತೋಚಲಿಲ್ಲ. ಹುಡುಕಿ ನೋಡಿದಾಗ, ಈ ಪ್ರಶ್ನೆಗೆ ಅರವತ್ತು ವರ್ಷಗಳಿಗೂ ಮೀರಿದ ಇತಿಹಾಸವುಂಟೆಂದು ತಿಳಿಯಿತು.

1950ರ ದಶಕದಲ್ಲಿ ಕಂಪ್ಯೂಟರೆಂದರೆ ಒಂದು ಕೋಣೆಯನ್ನೇ ತುಂಬುವ ಯಂತ್ರ. ತೂತು ಹೊಡೆದ ಕಾರ್ಡುಗಳ ಕಟ್ಟನ್ನು ಒಪ್ಪಿಸಿ, ಉತ್ತರಕ್ಕಾಗಿ ಗಂಟೆಗಟ್ಟಲೆ ಕಾಯಬೇಕಾಗಿದ್ದಿತು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರ ನವೆಂಬರಿನಲ್ಲಿ ಬೇರೊಂದು ದಾರಿಯನ್ನು ತೋರಿಸಿದರು. ಊಟದ ಪಂಕ್ತಿಯಲ್ಲಿ ಬಡಿಸುವವನು ಒಬ್ಬನೇ ಆದರೂ, ಅವನ ಕೈ ಚುರುಕಾಗಿದ್ದರೆ ಯಾರ ಎಲೆಯೂ ಬರಿದಾಗದಷ್ಟೆ! ಹಾಗೆಯೇ ಒಂದೇ ಯಂತ್ರ ತನ್ನ ಹೊತ್ತನ್ನು ಕ್ಷಣದ ತುಣುಕುಗಳಾಗಿ ಸೀಳಿ ಹಲವರಿಗೆ ಸರದಿಯಂತೆ ಬಡಿಸಿತು. ಪ್ರತಿಯೊಬ್ಬನಿಗೂ ಯಂತ್ರ ತನ್ನೊಬ್ಬನದೇ ಎಂಬ ಭಾವನೆ.

ಹೊತ್ತನ್ನೇನೋ ಹಂಚಿದರು, ಬರಹಗಳನ್ನು ಹಂಚುವಂತಿಲ್ಲ. ಯಾರದು ಯಾವುದೆಂದು ಯಂತ್ರಕ್ಕೆ ತಿಳಿಯಬೇಕು. ಆದುದರಿಂದ ಪ್ರತಿಯೊಬ್ಬನಿಗೂ ಒಂದು ಹೆಸರು, ಆ ಹೆಸರಿಗೊಂದು ಉಗ್ರಾಣ, ಹೆಸರು ತನ್ನದೇ ಎಂದು ತೋರಿಸಲು ಒಂದು ಗುಪ್ತಪದ ಏರ್ಪಟ್ಟವು. ಇಂದು ನಾವು ದಿನಕ್ಕೆ ಹತ್ತು ಬಾರಿ ಒತ್ತುವ 'ಪಾಸ್‌ವರ್ಡ್' ಕಂಪ್ಯೂಟರಿಗೆ ಬಂದದ್ದು ಹೀಗೆ.

ಬೀಗವಿದ್ದಲ್ಲಿ ಕಳ್ಳಗೀಲಿಯೂ ಉಂಟು. ಅಲ್ಲಿಯ ಸಂಶೋಧಕ ಆಲನ್ ಶೆರ್ ಎಂಬವನಿಗೆ ಯಂತ್ರದಲ್ಲಿ ದೊರೆತಿದ್ದ ಹೊತ್ತು ಸಾಲದೆ ಬಂದಿತು. 1962ರಲ್ಲಿ ಅವನು ಒಂದು ಕಾರ್ಡಿನ ಮೂಲಕ ಬೇಡಿಕೆ ಸಲ್ಲಿಸಿ, ಎಲ್ಲರ ಗುಪ್ತಪದಗಳ ಪಟ್ಟಿಯನ್ನೇ ಅಚ್ಚು ಹಾಕಿಸಿಕೊಂಡನು!

ಆದರೆ ನಮಗೆ ಪಾಠವಾಗತಕ್ಕದ್ದು 1966ರಲ್ಲಿ ನಡೆದ ಇನ್ನೊಂದು ಸಂಗತಿ. ಅಂದು ಒಳಹೊಕ್ಕವರಿಗೆಲ್ಲ, ದಿನದ ಸೂಚನೆಯ ಬದಲಾಗಿ ಎಲ್ಲರ ಗುಪ್ತಪದಗಳ ಪಟ್ಟಿ ಅಚ್ಚಾಗಿ ಬಂದಿತು. ಯಾರ ಕುಚೋದ್ಯವೂ ಇದರಲ್ಲಿ ಇರಲಿಲ್ಲ. ಆಡಳಿತಗಾರರಿಬ್ಬರು ಒಂದೇ ಹೊತ್ತಿನಲ್ಲಿ, ಒಂದೇ ಉಗ್ರಾಣದೊಳಗೆ ಕುಳಿತಿದ್ದರು. ಒಬ್ಬನು ಸೂಚನೆಯನ್ನು ತಿದ್ದುತ್ತಿದ್ದನು, ಇನ್ನೊಬ್ಬನು ಪಟ್ಟಿಯನ್ನು. ತಿದ್ದುವ ಸಾಧನವಾದರೋ ಒಂದು ಉಗ್ರಾಣಕ್ಕೆ ಒಬ್ಬನೇ ಒಡೆಯನೆಂದು ನಂಬಿ, ಇಬ್ಬರ ಕರಡಿಗೂ ಒಂದೇ ಹೆಸರಿಟ್ಟಿತು. ಒಂದು ಇನ್ನೊಂದರ ಜಾಗಕ್ಕೆ ಹೋಯಿತು. ನಮ್ಮ ಶಾಲೆಯ ಹುಡುಗ ಹುಡುಗಿಯರಿಗೆ ಆದದ್ದೂ ಇದೇ ಅಲ್ಲವೆ?

ಮುಂದೆ ಯಂತ್ರಗಳು ಚಿಕ್ಕವಾದವು, ಹೆಚ್ಚಾದವು. ನಿನ್ನೆ ಕುಳಿತ ಯಂತ್ರ ಇಂದು ಸಿಕ್ಕದಿದ್ದರೆ ಬರಹದ ಗತಿಯೇನು? ಅದೇ ಸಂಸ್ಥೆ 1983ರಲ್ಲಿ ಆರಂಭಿಸಿದ 'ಅಥೀನಾ' ಯೋಜನೆಯಲ್ಲಿ, ವಿದ್ಯಾರ್ಥಿ ಎಲ್ಲಿ ಕುಳಿತರೂ ಅವನ ಉಗ್ರಾಣ ನಡುಮನೆಯ ಯಂತ್ರದಿಂದ ಅವನಿದ್ದಲ್ಲಿಗೇ ಬರುವ ಏರ್ಪಾಡಾಯಿತು. 1996ರ ವಿಂಡೋಸ್ ಎನ್‌ಟಿ 4.0ರಲ್ಲಿ ಶಾಲೆಗಳಿಗೆ ಒದಗುವ ಎರಡು ಬಗೆಗಳಿದ್ದವು. ಒಂದು, ಒಡೆಯನೊಡನೆ ಯಂತ್ರದಿಂದ ಯಂತ್ರಕ್ಕೆ ಸಂಚರಿಸುವ ಪ್ರೊಫೈಲ್. ಇನ್ನೊಂದು, ಬದಲಾಗದ ಪ್ರೊಫೈಲ್: ಮಗು ಚಿತ್ರ ಬದಲಿಸಲಿ, ಗುರುತುಗಳನ್ನು ಚೆಲ್ಲಾಡಲಿ, ಹೊರಹೋದೊಡನೆ ಎಲ್ಲವೂ ಮೊದಲಿನಂತೆ. ಒಂದು ಕಡತದ ಹೆಸರಿನ ಬಾಲದಲ್ಲಿ 'ಡಿಎಟಿ' ಎಂಬುದನ್ನು 'ಎಂಎಎನ್' ಎಂದು ತಿದ್ದಿದರೆ ಈ ಕಟ್ಟುಪಾಡು ಜಾರಿಗೆ ಬರುತ್ತಿದ್ದಿತು.

ಹಿಂದೆ ನಾವು ಸ್ಲೇಟಿನ ಮೇಲೆ ಬರೆದು ಒರಸುತ್ತಿದ್ದೆವು. ಉಳಿಯಬೇಕಾದುದನ್ನು ಪುಸ್ತಕಕ್ಕೆ ಇಳಿಸುತ್ತಿದ್ದೆವು. ಸ್ಲೇಟು ಯಾರದಾದರೂ ಆದೀತು, ಪುಸ್ತಕದ ಮೇಲೆ ಮಾತ್ರ ಮಗುವಿನ ಹೆಸರಿರಬೇಕು. ಕಂಪ್ಯೂಟರ್ ಕೊಠಡಿಯ ನ್ಯಾಯವೂ ಇಷ್ಟೆ. ಯಂತ್ರದ ಮುಖ ಎಲ್ಲರಿಗೂ ಒಂದೇ ಆಗಿರಲಿ, ದಿನವೂ ಒರಸಿ ಶುಚಿಯಾಗಲಿ. ಬರಹದ ಉಗ್ರಾಣ ಮಾತ್ರ ಒಬ್ಬೊಬ್ಬರಿಗೂ ಬೇರೆಯಾಗಿರಲಿ.

ಈ ವರ್ಷ ನಮ್ಮ ಶಾಲೆಯಲ್ಲಿ ಪ್ರತಿ ಮಗುವಿಗೂ ಅದರ ಹೆಸರಿನಲ್ಲೇ ಪ್ರವೇಶ ಕೊಟ್ಟಿದ್ದೇವೆ. ಇದಕ್ಕೆ ಎರಡು ಸಂಜೆಗಳ ಕೆಲಸ ಹಿಡಿಯಿತು. ಆ ಹುಡುಗಿಗೆ ಈಗ ಉತ್ತರ ಹೇಳಿದ್ದೇನೆ: "ತಪ್ಪು ಅವನದೂ ಅಲ್ಲ, ನಿನ್ನದೂ ಅಲ್ಲಮ್ಮ. ನಲವತ್ತು ಮಕ್ಕಳಿಗೆ ಒಂದೇ ಹೆಸರಿಟ್ಟ ನಮ್ಮದು."