ಕಾಡಿಗೆ ಹೋಗದೆ ಊರಲ್ಲೇ ಬಾಳಿದ ಇಬ್ಬರು

1898ರ ಫೆಬ್ರವರಿ ತಿಂಗಳು. ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯ ಬೋಳುಗುಡ್ಡಗಳ ಮೇಲೆ ಹಿಮ ಬೀಸಿ ಬೀಸಿ ಸುರಿಯುತ್ತಿತ್ತು. ಮೂವತ್ತು ದಾಟಿದ ಒಬ್ಬರು ಇಬ್ಬರು ಹುಡುಗರ ಸಹಾಯದಿಂದ ಕೈಗಾಡಿ ತಳ್ಳಿಕೊಂಡು ಬರುತ್ತಿದ್ದರು. ಅವರ ಹತ್ತಿರ ಏನೇನಿತ್ತೋ ಅದೆಲ್ಲ ಆ ಗಾಡಿಯಲ್ಲಿತ್ತು. ಹೊರಟಿದ್ದು ಮಿಲ್‌ಥಾರ್ಪ್ ಎಂಬ ಪುಟ್ಟ ಹಳ್ಳಿಗೆ, ತಾವು ಪ್ರೀತಿಸಿದವರ ಮನೆಗೆ.

ಅವರ ಹೆಸರು ಜಾರ್ಜ್ ಮೆರಿಲ್. ಆ ಮನೆಯಲ್ಲಿ ಕಾಯುತ್ತಿದ್ದವರು ಎಡ್ವರ್ಡ್ ಕಾರ್ಪೆಂಟರ್. ಇಬ್ಬರೂ ಗಂಡಸರು. ಅಂದಿನಿಂದ ಸುಮಾರು ಮೂವತ್ತು ವರ್ಷ, ಸಾವು ಅಗಲಿಸುವವರೆಗೆ, ಅವರು ಒಂದೇ ಸೂರಿನಡಿ ಬಾಳಿದರು.

ಗಂಡು ಗಂಡನ್ನು ಪ್ರೀತಿಸುವುದು ಪಟ್ಟಣದ ಶೋಕಿ, ಹಳ್ಳಿಯಲ್ಲಿ ಅಂಥದ್ದೆಲ್ಲ ಇರುವುದಿಲ್ಲ ಅನ್ನುವ ಮಾತನ್ನು ನಾವು ಕಟ್ಟೆಯ ಮೇಲೆ ಕೂತಾಗ ಎಷ್ಟೋ ಸಲ ಕೇಳಿದ್ದೇವೆ. ಈ ಇಬ್ಬರ ಕಥೆ ಹೇಳಲು ಅದೇ ಕಾರಣ.

ಅಜಗಜಾಂತರ

ಕಾರ್ಪೆಂಟರ್ ಹುಟ್ಟಿದ್ದು 1844ರಲ್ಲಿ, ಸಮುದ್ರ ತೀರದ ಅನುಕೂಲಸ್ಥ ಮನೆತನದಲ್ಲಿ. ಕೇಂಬ್ರಿಡ್ಜ್‌ನಲ್ಲಿ ಓದಿ ಚರ್ಚಿನ ಪಾದ್ರಿಯಾದರು. ಮನಸ್ಸು ಒಪ್ಪದೆ 1874ರಲ್ಲಿ ಆ ಕೆಲಸ ಬಿಟ್ಟು, ಉತ್ತರದ ಕಾರ್ಖಾನೆ ಊರುಗಳಲ್ಲಿ ಪಾಠ ಹೇಳುತ್ತಾ ತಿರುಗಿದರು. ತಂದೆ ತೀರಿಕೊಂಡಾಗ ಬಂದ ಹಣದಲ್ಲಿ ಮಿಲ್‌ಥಾರ್ಪ್‌ನಲ್ಲಿ ಸುಮಾರು ಏಳು ಎಕರೆ ಜಮೀನು ಕೊಂಡರು. ತಾವೇ ನೆಲ ಅಗೆದು, ಹಣ್ಣು ತರಕಾರಿ ಬೆಳೆದು, ಪೇಟೆಗೆ ಒಯ್ದು ಮಾರಿದರು.

ಮೆರಿಲ್ ಇಪ್ಪತ್ತಕ್ಕೂ ಹೆಚ್ಚು ವರ್ಷ ಚಿಕ್ಕವರು. ಕಬ್ಬಿಣ ಉಕ್ಕಿನ ಊರಾದ ಶೆಫೀಲ್ಡಿನ ಬಡವರ ಕೇರಿಯಲ್ಲಿ ಬೆಳೆದವರು. ಹೇಳಿಕೊಳ್ಳುವಂಥ ಓದಿಲ್ಲ, ಸಿಕ್ಕಿದ ಕೆಲಸ ಮಾಡಿ ಹೊಟ್ಟೆ ಹೊರೆದವರು. ಒಬ್ಬರು ಪುಸ್ತಕದ ಹುಳು, ಮಾತು ಕಡಿಮೆ. ಇನ್ನೊಬ್ಬರು ಹಾಡು, ತಮಾಷೆ, ಬಾಯಿಗೆ ಬಂದದ್ದನ್ನು ಥಟ್ಟನೆ ಹೇಳುವ ಸ್ವಭಾವ.

ಇಬ್ಬರೂ ಮೊದಲು ಎದುರಾಗಿದ್ದು ರೈಲಿನಲ್ಲಿ. ಕಾರ್ಪೆಂಟರ್ ಆಗಷ್ಟೇ ಸಿಲೋನ್ ಮತ್ತು ಭಾರತ ನೋಡಿ ಮರಳಿದ್ದರು. ಒಂದು ನೋಟ, ಎರಡು ಮಾತು. ಅವರು ಇಳಿದು ಹಳ್ಳಿಯ ದಾರಿ ಹಿಡಿದಾಗ, ಮೆರಿಲ್ ತಮ್ಮ ಗೆಳೆಯರನ್ನು ಬಿಟ್ಟು ಹಿಂದೆಯೇ ನಡೆದರು. ಒಂದೇ ಮನೆ ಸೇರಲು ಮುಂದೆ ಹಲವು ವರ್ಷ ಹಿಡಿಯಿತು.

ಜೈಲಿನ ಭಯದ ಕಾಲ

ಅದು ಎಂಥ ಕಾಲ ಅನ್ನುವುದನ್ನು ನೆನಪಿಡಬೇಕು. 1885ರಲ್ಲಿ ಬ್ರಿಟನ್ ತಂದ ಕಾನೂನಿನ ಪ್ರಕಾರ ಗಂಡಸರ ನಡುವಿನ ಸಂಬಂಧಕ್ಕೆ ಎರಡು ವರ್ಷದವರೆಗೆ ಕಠಿಣ ಸಜೆ. 1895ರಲ್ಲಿ ಹೆಸರಾಂತ ಲೇಖಕ ಆಸ್ಕರ್ ವೈಲ್ಡ್ ಅವರಿಗೆ ಇದೇ ಕಾನೂನಿನಡಿ ಪೂರ್ತಿ ಎರಡು ವರ್ಷ ಶಿಕ್ಷೆಯಾಯಿತು. ಆ ಗದ್ದಲಕ್ಕೆ ಹೆದರಿ ಪ್ರಕಾಶಕರೊಬ್ಬರು ಕಾರ್ಪೆಂಟರ್ ಪುಸ್ತಕದಿಂದ ಕೈ ತೊಳೆದುಕೊಂಡರು. ಮೆರಿಲ್ ಕೈಗಾಡಿ ತಳ್ಳಿಕೊಂಡು ಬಂದಿದ್ದು ಇದಾದ ಮೂರೇ ವರ್ಷಕ್ಕೆ.

ಹೆಂಗಸಿಲ್ಲದ ಮನೆ ನಡೆಯುವುದುಂಟೇ ಎಂದು ಕಾರ್ಪೆಂಟರ್ ಅವರ ಹಿತೈಷಿಗಳೇ ಆಕ್ಷೇಪ ಎತ್ತಿದರು. ಮೆರಿಲ್ ಅಡುಗೆ ಮಾಡಿದರು, ಮನೆ ಒಪ್ಪ ಮಾಡಿದರು, ಬಂದವರನ್ನು ಉಪಚರಿಸಿದರು. ಮನೆ ಚೆನ್ನಾಗಿಯೇ ನಡೆಯಿತು. ಒಮ್ಮೆ ಧರ್ಮಪ್ರಚಾರಕರೊಬ್ಬರು ಸ್ವರ್ಗದ ದಾರಿ ತೋರಿಸುವ ಕರಪತ್ರ ಹಿಡಿದು ಬಾಗಿಲಿಗೆ ಬಂದರಂತೆ. ನಾವು ಈಗಾಗಲೇ ಸ್ವರ್ಗದಲ್ಲೇ ಇದ್ದೇವೆ ಎಂದು ಮೆರಿಲ್ ಅವರನ್ನು ಸಾಗಹಾಕಿದರು.

ಊರು ಸುಮ್ಮನಿತ್ತು ಅಂತಲ್ಲ. 1909ರಲ್ಲಿ ಓಬ್ರಿಯನ್ ಎಂಬವರು ಇವರ ವಿರುದ್ಧ ಕರಪತ್ರ ಅಚ್ಚು ಹಾಕಿಸಿ ಹಂಚಿದರು. ಆದರೂ ಈ ಇಬ್ಬರು ಮನೆ ಬಿಟ್ಟು ಓಡಲಿಲ್ಲ. ನಮಗೆ ಕಾಣುವ ಒಂದು ಕಾರಣ, ಕಾರ್ಪೆಂಟರ್ ಊರಿನ ಕಷ್ಟಸುಖಕ್ಕೆ ಬೇಕಾದವರಾಗಿದ್ದರು. ನಮ್ಮ ಗೋಮಾಳದಂಥ ಸಾರ್ವಜನಿಕ ಭೂಮಿ ಹಳ್ಳಿಗರ ಕೈತಪ್ಪಿ ಭೂಮಾಲೀಕರ ಪಾಲಾದ ಬಗ್ಗೆ 1907ರಲ್ಲಿ ಅವರು ಒಂದು ಕಿರುಹೊತ್ತಿಗೆಯನ್ನೇ ಬರೆದಿದ್ದರು.

ಇನ್ನೊಂದು ಕಾರಣವನ್ನೂ ಮುಚ್ಚಿಡಬಾರದು. ಕಾರ್ಪೆಂಟರ್ ಅವರಿಗೆ ಸ್ವಂತ ಜಮೀನಿತ್ತು, ಓದಿತ್ತು, ದೊಡ್ಡವರ ಪರಿಚಯವಿತ್ತು. ಇಬ್ಬರೂ ಮೆರಿಲ್ ಅವರಂತೆ ಕೂಲಿಯವರಾಗಿದ್ದರೆ ಊರೂ ಪೊಲೀಸರೂ ಇಷ್ಟು ತಾಳ್ಮೆ ತೋರಿಸುತ್ತಿದ್ದರೆಂದು ನಮಗೆ ಅನ್ನಿಸುವುದಿಲ್ಲ.

ನಮ್ಮ ಕಡೆಯ ನಂಟು

ಭಾರತದಲ್ಲಿದ್ದ ಗೆಳೆಯರೊಬ್ಬರು ಕಾಶ್ಮೀರದಿಂದ ಕಾರ್ಪೆಂಟರ್ ಅವರಿಗೆ ಚಪ್ಪಲಿ ಕಳಿಸಿದ್ದರು. ಬೂಟು ಬಿಟ್ಟರೆ ಬೇರೆ ಕಾಣದ ಆ ದೇಶದಲ್ಲಿ ಅವರು ಅದೇ ಮಾದರಿ ನೋಡಿ ಚಪ್ಪಲಿ ಹೊಲಿಯುವುದನ್ನು ಕಲಿತು, ಬೇಕೆಂದವರಿಗೆ ಮಾಡಿಕೊಟ್ಟರು. ನಾಗರಿಕತೆ ಅನ್ನುವುದೇ ಒಂದು ರೋಗ ಎಂದು ವಾದಿಸಿದ ಅವರ ಪುಸ್ತಕವನ್ನು ಗಾಂಧೀಜಿ ಮೆಚ್ಚಿದ್ದರು. 1909ರ ‘ಹಿಂದ್ ಸ್ವರಾಜ್’ ಕೊನೆಯಲ್ಲಿ ಓದಲೇಬೇಕೆಂದು ಕೊಟ್ಟ ಪಟ್ಟಿಯಲ್ಲಿ ಅದೂ ಇದೆ.

ಒಂದು ಸ್ಪರ್ಶ, ಒಂದು ಕಾದಂಬರಿ

1913ರಲ್ಲಿ ಮಿಲ್‌ಥಾರ್ಪ್ ಮನೆಗೆ ಇ. ಎಂ. ಫಾರ್ಸ್ಟರ್ ಬಂದರು. ಮುಂದೆ ‘ಎ ಪ್ಯಾಸೇಜ್ ಟು ಇಂಡಿಯಾ’ ಬರೆದವರು ಇವರೇ. ಆ ವರ್ಷವೇ ಅವರು ತಮ್ಮ ಮೊದಲ ಭಾರತ ಪ್ರವಾಸ ಮುಗಿಸಿದ್ದರು. ತಾವೂ ಸಲಿಂಗಿ ಎಂಬುದನ್ನು ಒಳಗೇ ಬಚ್ಚಿಟ್ಟುಕೊಂಡಿದ್ದರು. ಮೆರಿಲ್ ಸಲುಗೆಯಿಂದ ಅವರ ಸೊಂಟದ ಹಿಂಬದಿಯನ್ನು ಮೆಲ್ಲಗೆ ಮುಟ್ಟಿದರು. ಆ ಕ್ಷಣದಲ್ಲೇ ಒಂದು ಇಡೀ ಕಾದಂಬರಿ ಮನಸ್ಸಿನಲ್ಲಿ ಮೂಡಿತೆಂದು ಫಾರ್ಸ್ಟರ್ ಮುಂದೆ ಬರೆದುಕೊಂಡರು.

ಆ ಕಾದಂಬರಿಯೇ ‘ಮಾರಿಸ್’. ಮಾರಿಸ್ ಲಂಡನ್ನಿನ ಷೇರು ದಲ್ಲಾಳಿ. ಅಲೆಕ್ ಒಂದು ಜಮೀನುದಾರರ ಎಸ್ಟೇಟಿನಲ್ಲಿ ಬೇಟೆಯ ಹಕ್ಕಿಗಳನ್ನು ಕಾಯುವ ಆಳು. ಇಲ್ಲೂ ಅದೇ ಅಜಗಜಾಂತರ. ಅಲೆಕ್ ಅರ್ಜೆಂಟೀನಾಕ್ಕೆ ಹಡಗು ಹತ್ತಬೇಕಾದ ದಿನ ಹತ್ತುವುದಿಲ್ಲ. ಕೊನೆಗೆ ಇಬ್ಬರೂ ಸಮಾಜದ ಕಣ್ಣು ತಪ್ಪಿಸಿ ಕಾಡು ಸೇರುತ್ತಾರೆ. ಮೊದಲು ಬರೆದ ಕೊನೆಯ ಭಾಗವೊಂದರಲ್ಲಿ ಅವರು ಮರ ಕಡಿಯುವವರಾಗಿ ಬದುಕುತ್ತಿರುತ್ತಾರೆ. ಮುಂದೆ ಫಾರ್ಸ್ಟರ್ ಅದನ್ನು ಕೈಬಿಟ್ಟರು.

1914ರ ಹೊತ್ತಿಗೇ ಬರೆದು ಮುಗಿಸಿದ್ದರೂ ಅವರು ಅದನ್ನು ಅಚ್ಚಿಗೆ ಕೊಡಲಿಲ್ಲ. ಒಬ್ಬರು ನೇಣು ಹಾಕಿಕೊಂಡೋ ಜೈಲು ಸೇರಿಯೋ ಕಥೆ ಮುಗಿದಿದ್ದರೆ ಅಚ್ಚು ಹಾಕುವುದು ಸುಲಭವಿತ್ತು. ಇಬ್ಬರೂ ಸುಖವಾಗಿ ಬಾಳಿದರು ಎಂದು ಬರೆಯುವುದೇ ಅಪರಾಧವಾಗಿ ಕಾಣುತ್ತಿದ್ದ ಕಾಲವದು. ಆದರೆ ಫಾರ್ಸ್ಟರ್ ಅವರಿಗೆ ಬೇಕಿದ್ದುದು ಸುಖಾಂತ್ಯವೇ. ಇಂಗ್ಲೆಂಡಿನಲ್ಲಿ ಆ ಕಾನೂನು ಸಡಿಲವಾಗಿದ್ದು 1967ರಲ್ಲಿ. 1970ರಲ್ಲಿ ಫಾರ್ಸ್ಟರ್ ತೀರಿಕೊಂಡರು. ಪುಸ್ತಕ ಬಂದಿದ್ದು 1971ರಲ್ಲಿ.

ಕಾಡೋ, ಊರೋ

ಕಾದಂಬರಿಯ ಇಬ್ಬರು ಕಾಡಿಗೆ ಹೋಗಬೇಕಾಯಿತು. ಅವರಿಗೆ ಪ್ರೇರಣೆಯಾದ ಇಬ್ಬರು ಊರಲ್ಲೇ ತರಕಾರಿ ಬೆಳೆದುಕೊಂಡು, ನೆರೆಹೊರೆಯವರ ಜೊತೆ ಮಾತಾಡಿಕೊಂಡು ಇದ್ದರು. ವಯಸ್ಸಾದ ಮೇಲೆ, 1922ರಲ್ಲಿ, ದಕ್ಷಿಣದ ಗಿಲ್ಡ್‌ಫೋರ್ಡ್‌ಗೆ ಹೋದರು. 1928ರ ಜನವರಿಯಲ್ಲಿ ಮೆರಿಲ್ ಮೊದಲು ಹೋದರು. ಮರುವರ್ಷ ಜೂನ್‌ನಲ್ಲಿ ಕಾರ್ಪೆಂಟರ್. ಇಬ್ಬರನ್ನೂ ಒಂದೇ ಸಮಾಧಿಯಲ್ಲಿ ಮಣ್ಣು ಮಾಡಲಾಗಿದೆ.

ಬ್ರಿಟಿಷರು 1860ರ ದಂಡಸಂಹಿತೆಯಲ್ಲಿ ನಮಗೂ 377ನೇ ಕಲಂ ಬರೆದಿಟ್ಟು ಹೋಗಿದ್ದರು. ವಯಸ್ಕರಿಬ್ಬರು ಒಪ್ಪಿ ಕೂಡಿದರೆ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಕಾನೂನು ಬದಲಾಯಿತು. ಆದರೆ ನಮ್ಮ ಹಳ್ಳಿಗಳಿಂದ ಇದೇ ಕಾರಣಕ್ಕೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೋ ಮುಂಬೈಗೋ ಹೋಗುವ ಮಕ್ಕಳು ಈಗಲೂ ಇದ್ದಾರೆ. ಅವರಿಗೆ ಆ ಪಟ್ಟಣವೇ ಮಾರಿಸ್ ಮತ್ತು ಅಲೆಕ್ ಸೇರಿದ ಕಾಡು. ಯಾರೂ ಗುರುತು ಹಿಡಿಯದ ಜಾಗ.

ನಿಮ್ಮ ಊರಿಂದಲೂ ಹಾಗೆ ಹೋದವರಿದ್ದರೆ, ಹಬ್ಬಕ್ಕೆ ಬಂದಾಗ ಮದುವೆ ಯಾವಾಗ ಎಂದು ಕೇಳುವ ಬದಲು ಊಟಕ್ಕೆ ಕರೆಯಿರಿ. ಜೊತೆಗೆ ಗೆಳೆಯರೊಬ್ಬರು ಬಂದಿದ್ದರೆ ಅವರಿಗೂ ಒಂದು ಎಲೆ ಹಾಕಿ.