ಸಾರಿಗೆ ಕನ್ನಡದಲ್ಲಿ ಗತಿ ಮತ್ತು ನಿಲುಗಡೆ: ಮೈಸೂರು ನಗರದ ನಿದರ್ಶನ

ಎಸ್ಪೆರಾಂಟೊ ಭಾಷೆಯನ್ನು ಜಾಮೆನ್‌ಹೊಫ್ ಎಂಬ ಒಬ್ಬ ವ್ಯಕ್ತಿ ರೂಪಿಸಿ 1887ರಲ್ಲಿ ಪ್ರಕಟಿಸಿದನು. ಆಡಳಿತ ಕನ್ನಡಕ್ಕೆ ಅಂತಹ ಏಕೈಕ ಕರ್ತೃವಿಲ್ಲ; ಆದರೂ ಅದರ ಪದಕೋಶದ ಬಹುಭಾಗ ಉದ್ದೇಶಪೂರ್ವಕವಾಗಿ ಕಟ್ಟಿದುದೇ ಆಗಿದೆ. ಚಲನೆ ಮತ್ತು ನಿಲುಗಡೆಯನ್ನು ಸೂಚಿಸುವ ಪದಗಳಲ್ಲಿ ಈ ಕಟ್ಟೋಣದ ಸ್ವರೂಪ ಸ್ಪಷ್ಟವಾಗಿ ಕಾಣುತ್ತದೆ.

ಬೆಂಗಳೂರಿನಿಂದ ರೈಲುಮಾರ್ಗವು 1882ರಲ್ಲಿ ಮೈಸೂರನ್ನು ತಲುಪಿತು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಆರಂಭವಾಗಿ, 1961ರಲ್ಲಿ ನಿಗಮವಾಯಿತು. 1963ರ ರಾಜಭಾಷಾ ಅಧಿನಿಯಮದ ತರುವಾಯ ಫಲಕ, ಸುತ್ತೋಲೆ, ವೇಳಾಪಟ್ಟಿಗಳಿಗೆ ಕನ್ನಡ ಪದಗಳ ಅಗತ್ಯ ಹೆಚ್ಚಿತು.

ಹೀಗೆ ಬಳಕೆಗೆ ಬಂದ ಪದಗಳಲ್ಲಿ ಒಂದು ವಿಭಜನೆಯಿದೆ. ಆಗಮನ, ನಿರ್ಗಮನ, ಸಂಚಾರ, ವಾಹನ, ಚಾಲಕ ಎಂಬ ಚಲನಸೂಚಕಗಳೆಲ್ಲ ಸಂಸ್ಕೃತ ಧಾತುಗಳಿಂದ ಬಂದವು. ನಿಲ್ದಾಣ, ನಿಲುಗಡೆ, ತಂಗುದಾಣಗಳು ಕನ್ನಡ ಧಾತುಗಳನ್ನೇ ಆಶ್ರಯಿಸಿವೆ. ಬಸ್ಸನ್ನು 'ಓಡಿಸುವವನು' ಫಲಕದಲ್ಲಿ ಚಾಲಕನಾದನು. ಬಸ್ಸು 'ನಿಲ್ಲುವ' ಸ್ಥಳವಾದರೋ ಕನ್ನಡವಾಗಿಯೇ ಉಳಿಯಿತು. ('ಸಾರಿಗೆ' ಎಂಬ ಪದ ಮಾತ್ರ ಈ ವಿಭಜನೆಗೆ ಒಗ್ಗದು.)

'ನಿಲ್ದಾಣ'ದ ರಚನೆ ವಿಶೇಷ ಗಮನಕ್ಕೆ ಅರ್ಹವಾಗಿದೆ. 'ನಿಲ್' ಎಂಬ ಹಳಗನ್ನಡದ ಧಾತುರೂಪಕ್ಕೆ 'ತಾಣ' ಸೇರಿ, ಆದೇಶಸಂಧಿಯಿಂದ ತಕಾರವು ದಕಾರವಾಗಿದೆ. 'ತಾಣ'ವು ಸಂಸ್ಕೃತದ 'ಸ್ಥಾನ'ದ ತದ್ಭವ; ಅದರ ಮೂಲಧಾತು 'ಸ್ಥಾ'. ಪಾಣಿನೀಯ ಧಾತುಪಾಠವು ಈ ಧಾತುವಿಗೆ 'ಗತಿನಿವೃತ್ತಿ', ಅಂದರೆ ಚಲನೆಯ ನಿಲುಗಡೆ, ಎಂದು ಅರ್ಥ ಹೇಳುತ್ತದೆ. ಎಂದಮೇಲೆ ಒಂದೇ ಪದದೊಳಗೆ ನಿಲ್ಲುವ ಕ್ರಿಯೆ ಎರಡು ಸಲ ಅಡಗಿದೆ. ಒಮ್ಮೆ ಕನ್ನಡದಲ್ಲಿ, ಮತ್ತೊಮ್ಮೆ ವೇಷ ಮರೆಸಿದ ಸಂಸ್ಕೃತದಲ್ಲಿ. ಪದವನ್ನು ಬಳಸುವವರಿಗೆ ಈ ಪುನರುಕ್ತಿ ಸ್ವಲ್ಪವೂ ತೊಡಕಾಗಿಲ್ಲ.

ಆದರೆ ರಸ್ತೆಯ ಮಾತು ಬೇರೆಯೇ. ಬಸ್ಸಿನೊಳಗಿನ ಆಜ್ಞೆಗಳು ಆಂಗ್ಲಮೂಲದವು: ಹೊರಡಲು 'ರೈಟ್', ನಿಲ್ಲಲು 'ಹೋಲ್ಡಾನ್'. ಫಲಕವು ಗ್ರಾಮಾಂತರ ಬಸ್ ನಿಲ್ದಾಣವೆಂದರೂ ಮೈಸೂರಿನ ಜನರಿಗೆ ಅದು 'ಸಬರ್ಬನ್ ಬಸ್‌ ಸ್ಟ್ಯಾಂಡ್'. ಕಟ್ಟಿದ ಪದಗಳು ಸೋತವೆಂದು ಇದರಿಂದ ತೀರ್ಮಾನಿಸುವುದು ಅವಸರದ ಮಾತಾದೀತು. 'ನಿರ್ಗಮನ'ವನ್ನು ಯಾವ ಪ್ರಯಾಣಿಕನೂ ನಿರ್ವಾಹಕನಿಗೆ ಹೇಳುವುದಿಲ್ಲ, ನಿಜ. 'ನಿಲ್' ಧಾತುವಿನ ಸ್ಥಿತಿ ಹಾಗಲ್ಲ. ಇಳಿಯಬೇಕಾದ ಜಾಗ ದಾಟಿಹೋಗುತ್ತಿರುವಾಗ ಹಿಂದಿನ ಸೀಟಿನಿಂದ ಕೇಳಿಬರುವ ಮಾತು ಇಂದಿಗೂ 'ಇಲ್ಲೇ ನಿಲ್ಸಿ' ಎಂಬುದೇ.