ಸೀಳಿನಲ್ಲಿ ಓಡಿದ ಕಾರು

ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ 1952ರಲ್ಲಿ ಸ್ಪ್ರಿಂಗ್ ಬಲದಿಂದ ಓಡುವ 'ಸ್ಕೇಲೆಕ್ಸ್' ಎಂಬ ತಗಡಿನ ಆಟದ ಕಾರುಗಳನ್ನು ಮಾರುಕಟ್ಟೆಗೆ ತಂದರು. ಬೇಡಿಕೆ ಕುಗ್ಗಿದಾಗ ಅವಕ್ಕೆ ವಿದ್ಯುತ್ ಮೋಟಾರು ಜೋಡಿಸಿ, 1957ರ ಹ್ಯಾರೊಗೇಟ್ ಆಟಿಕೆ ಮೇಳದಲ್ಲಿ 'ಸ್ಕೇಲೆಕ್ಸ್‌ಟ್ರಿಕ್' ಪ್ರದರ್ಶಿಸಿದರು.

ರಬ್ಬರ್ ಹಾದಿಯ ಸೀಳು ಕಾರಿಗೆ ದಿಕ್ಕು ತೋರುತ್ತಿತ್ತು. ಲೋಹದ ಪಟ್ಟಿಗಳು ವಿದ್ಯುತ್ ಒದಗಿಸುತ್ತಿದ್ದವು. 'ಸ್ಲಾಟ್ ಕಾರ್' ಎಂಬ ಹೆಸರು ಬಂದದ್ದು ಈ ಸೀಳಿನಿಂದಲೇ. ಆಡುವವರ ಕೈಯಲ್ಲಿದ್ದದ್ದು ವೇಗವೊಂದೇ. ತಿರುವಿನಲ್ಲಿ ಅದನ್ನು ತಗ್ಗಿಸದಿದ್ದರೆ ಕಾರು ಹಾದಿ ಬಿಟ್ಟು ಹಾರುತ್ತಿತ್ತು.

1960ರ ದಶಕದ ನಡುವೆ ಅಮೆರಿಕದಲ್ಲಿ ಹಣ ತೆತ್ತು ಆಡುವ ದೊಡ್ಡ ಟ್ರ್ಯಾಕ್‌ಗಳು ಊರೂರಿನಲ್ಲಿ ತೆರೆದವು. ದಶಕ ಮುಗಿಯುವ ಹೊತ್ತಿಗೆ ಬಹುಪಾಲು ಮುಚ್ಚಿದವು.

ಇಂದು ಸಂಗ್ರಾಹಕರು ಆ ಕಾರುಗಳನ್ನು ಅರಸುತ್ತಾರೆ. ಪೆಟ್ಟಿಗೆಯಲ್ಲೇ ಉಳಿದದ್ದಕ್ಕೆ ಬೆಲೆ ಹೆಚ್ಚು. ಆದರೆ ಆಡಿದ ಮಕ್ಕಳ ಗುರುತು ಇರುವುದು ಗೀರು ಬಿದ್ದ ಕಾರಿನ ಮೇಲೆ.